ಮಳೆಗಾಲದಲ್ಲಿ ಅಲಂಕಾರದ ಮೀನುಗಳಿಗೆ ತಗಲುವ ಬೂಷ್ಟು ಮತ್ತು ದುಂಡಾಣು ರೋಗಗಳು

ಕೊಡಗಿನ ತೋಟದ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಈಗ ಅಪರೂಪವಲ್ಲ. ಹೋಂಸ್ಟೇ ನಡೆಸುವವರ ಹಜಾರದಲ್ಲಿ ಒಂದು ತೊಟ್ಟಿ, ಅಂಗಳದಲ್ಲಿ ಕೋಯಿ ಕಾರ್ಪ್ ಬಿಟ್ಟ ಸಿಮೆಂಟ್ ಕೊಳ ಇರುತ್ತದೆ. ಗೋಲ್ಡ್ ಫಿಷ್, ಗಪ್ಪಿ, ಮಾಲಿ ಮೀನುಗಳ ಮರಿ ಮಾಡಿಸಿ ಅಂಗಡಿಗೆ ಕೊಟ್ಟು ಮನೆಖರ್ಚಿಗೆ ನಾಲ್ಕು ಕಾಸು ಮಾಡಿಕೊಳ್ಳುವವರೂ ಇದ್ದಾರೆ. ಇಂತಹ ಮೀನು ಬೇಸಿಗೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಒಂದೊಂದಾಗಿ ಸಾಯತೊಡಗುತ್ತದೆ. ಮೈಮೇಲೆ ಹತ್ತಿಯಂತಹ ಬಿಳಿ ಎಳೆ, ಹರಿದ ಬಾಲ, ಕೆಂಪು ಹುಣ್ಣು, ಊದಿದ ಹೊಟ್ಟೆ ಇವು ಸಾಮಾನ್ಯವಾಗಿ ಕಾಣುವ ಲಕ್ಷಣಗಳು. ಸಾಕಿದವರು ಗಾಬರಿಯಿಂದ ಅಂಗಡಿಯಲ್ಲಿ ಸಿಕ್ಕಿದ ನೀಲಿ, ಹಳದಿ ಬಣ್ಣದ ಔಷಧಿಗಳನ್ನೆಲ್ಲ ತಂದು ಸುರಿಯುತ್ತಾರೆ. ಉಳಿದಿದ್ದ ಮೀನುಗಳಲ್ಲಿ ಎಷ್ಟೋ ರೋಗಕ್ಕಿಂತ ಔಷಧಿಯಿಂದಲೇ ಸಾಯುತ್ತವೆ. ಆದುದರಿಂದ ಔಷಧಿಗಿಂತ ಮೊದಲು ರೋಗವನ್ನು ಸರಿಯಾಗಿ ಗುರುತಿಸುವುದು ಅತ್ಯವಶ್ಯಕ.

ಮಳೆಗಾಲವೇ ಏಕೆ?

ಈ ರೋಗಗಳನ್ನು ತರುವ ಸೂಕ್ಷ್ಮಜೀವಿಗಳು ಎಲ್ಲಿಂದಲೋ ಹೊಸದಾಗಿ ಬರುವುದಿಲ್ಲ. ಅವುಗಳಲ್ಲಿ ಬಹುಪಾಲು ತೊಟ್ಟಿಯ ನೀರಿನಲ್ಲಿ, ತಳದ ಕಸದಲ್ಲಿ, ಆರೋಗ್ಯವಂತ ಮೀನಿನ ಲೋಳೆಯ ಮೇಲೆ ಸದಾ ಇದ್ದೇ ಇರುತ್ತವೆ. ಮೀನು ಗಟ್ಟಿಯಾಗಿರುವವರೆಗೆ ಅವುಗಳ ಆಟ ನಡೆಯುವುದಿಲ್ಲ. ಕೊಡಗಿನ ಮಳೆಗಾಲ ಮೀನಿನ ಈ ಗಟ್ಟಿತನವನ್ನು ಮೂರು ಕಡೆಯಿಂದ ಕುಗ್ಗಿಸುತ್ತದೆ.

ಮೊದಲನೆಯದು ಚಳಿ. ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆಯ ಎತ್ತರದ ಭಾಗಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತೊಟ್ಟಿಯ ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಗೋಲ್ಡ್ ಫಿಷ್ ಮತ್ತು ಕೋಯಿ ಇದನ್ನು ತಡೆದುಕೊಳ್ಳುತ್ತವೆ. ಏಂಜಲ್, ಫೈಟರ್, ಗೌರಾಮಿ ಮುಂತಾದವು 24ರಿಂದ 28 ಡಿಗ್ರಿಯಲ್ಲಿ ಸುಖವಾಗಿರುವ ಬಿಸಿಸೀಮೆಯ ಮೀನುಗಳು. ಚಳಿಯಲ್ಲಿ ಇವು ಮೇವು ಬಿಡುತ್ತವೆ, ರೋಗನಿರೋಧಕ ಶಕ್ತಿ ಕುಂದುತ್ತದೆ.

ಎರಡನೆಯದು ನೀರಿನ ಗುಣ. ಮಲೆನಾಡಿನ ತೊರೆ ಮತ್ತು ಬಾವಿಯ ನೀರು ಮೆದು ನೀರು, ಸುಣ್ಣದ ಅಂಶ ಕಡಿಮೆ. ಮಳೆಯ ನೀರು ಬೆರೆತರೆ ಇನ್ನೂ ಕಡಿಮೆ. ಇಂತಹ ನೀರಿಗೆ ಹುಳಿಯನ್ನು ತಡೆಯುವ ಶಕ್ತಿ, ಅಂದರೆ ಕ್ಷಾರತೆ, ಇರುವುದಿಲ್ಲ. ಮೀನಿನ ಮಲ, ಉಳಿದ ಮೇವು ಕೊಳೆತಂತೆ ರಸಸಾರ ಏಕಾಏಕಿ ಬೀಳುತ್ತದೆ.

ಮೂರನೆಯದು ಕರೆಂಟು. ಗಾಳಿಗೆ ಮರ ಬಿದ್ದು ಒಂದೆರಡು ದಿನ ವಿದ್ಯುತ್ ಇಲ್ಲದಿರುವುದು ಕೊಡಗಿನವರಿಗೆ ಹೊಸದಲ್ಲ. ಗಾಳಿ ಪಂಪು, ಫಿಲ್ಟರು, ಹೀಟರು ಮೂರೂ ಒಟ್ಟಿಗೆ ನಿಲ್ಲುತ್ತವೆ. ಫಿಲ್ಟರಿನ ಸ್ಪಂಜಿನಲ್ಲಿ ವಾಸಿಸುತ್ತ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಉಪಕಾರಿ ದುಂಡಾಣುಗಳಿಗೂ ಆಮ್ಲಜನಕ ಬೇಕು. ಹಲವು ಗಂಟೆ ನೀರು ಹರಿಯದಿದ್ದರೆ ಅವು ಸಾಯಲಾರಂಭಿಸುತ್ತವೆ. ಕರೆಂಟು ಬಂದು ವಾರದೊಳಗೆ ಮೀನಿಗೆ ರೋಗ ತಗಲಿದರೆ ಅದರ ಬೀಜ ಬಿದ್ದದ್ದು ಆ ಕತ್ತಲೆಯ ಎರಡು ದಿನಗಳಲ್ಲಿಯೇ ಎಂದು ತಿಳಿಯಬೇಕು.

ಕರೆಂಟು ಹೋದಾಗ ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಮೇವು ಪೂರ್ತಿ ನಿಲ್ಲಿಸಬೇಕು. ಬೆಳೆದ ಮೀನು ವಾರದವರೆಗೆ ಉಪವಾಸ ತಡೆಯುತ್ತದೆ. ಗಂಟೆಗೊಮ್ಮೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದು ಅಡಿ ಮೇಲಿನಿಂದ ಸುರಿಯಬೇಕು. ತೊಟ್ಟಿಯ ಮೂರು ಬದಿಗೆ ಕಂಬಳಿ ಸುತ್ತಿ ಮೇಲ್ಭಾಗ ತೆರೆದಿಡಬೇಕು. ಮುಚ್ಚಿದ ಡಬ್ಬಿಯೊಳಗಿನ ಫಿಲ್ಟರಾದರೆ ಸ್ಪಂಜನ್ನು ಹೊರತೆಗೆದು ಅಗಲವಾದ ತಟ್ಟೆಯಲ್ಲಿ ತೊಟ್ಟಿಯ ನೀರು ಹಾಕಿ ಅದರಲ್ಲಿಡಬೇಕು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಮಳೆಗಾಲಕ್ಕೆ ಮೊದಲೇ ಕೊಂಡಿಟ್ಟರೆ ಅದರ ಬೆಲೆ ಒಂದೇ ಸಲಕ್ಕೆ ದಕ್ಕುತ್ತದೆ.

ಬೂಷ್ಟು ರೋಗ

ಮೈಮೇಲೆ, ರೆಕ್ಕೆಯ ಅಂಚಿನಲ್ಲಿ, ಕಣ್ಣಿನ ಸುತ್ತ ಬಿಳಿ ಅಥವಾ ಬೂದು ಬಣ್ಣದ ಹತ್ತಿಯಂತಹ ಎಳೆಗಳು ಬೆಳೆಯುತ್ತವೆ. ನೀರಿನಲ್ಲಿ ಅವು ಅಲುಗಾಡುತ್ತವೆ. ಮೀನನ್ನು ಮೇಲೆತ್ತಿದರೆ ಮೈಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಕಾರಣ ಸಪ್ರೊಲೆಗ್ನಿಯಾ ಎಂಬ ಜಾತಿಯ ಜೀವಿ. ವಾಡಿಕೆಯಲ್ಲಿ ಇದನ್ನು ಶಿಲೀಂಧ್ರವೆಂದು ಕರೆದರೂ ಇದು ನಿಜವಾದ ಶಿಲೀಂಧ್ರಗಳಿಂದ ಬೇರೆಯಾದ ಒಂದು ಗುಂಪಿಗೆ ಸೇರಿದೆ. ಅಡಿಕೆಯ ಕೊಳೆರೋಗ ಮತ್ತು ಕಾಳುಮೆಣಸಿನ ಶೀಘ್ರ ಸೊರಗು ರೋಗವನ್ನು ತರುವ ಫೈಟಾಫ್ತೊರ ಸಹ ಇದೇ ಗುಂಪಿನದು. ಎರಡರ ಬೀಜಾಣುಗಳೂ ನೀರಿನಲ್ಲಿ ಈಜುತ್ತವೆ, ಎರಡೂ ತೇವ ಮತ್ತು ತಂಪಿನಲ್ಲಿ ಹಬ್ಬುತ್ತವೆ. ಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಲ್ಲಬಾರದೆಂದು ತಿಳಿದ ಬೆಳೆಗಾರರಿಗೆ ತೊಟ್ಟಿಯ ತಳದಲ್ಲಿ ಕಸ ನಿಲ್ಲಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಬೂಷ್ಟು ಗಟ್ಟಿ ಚರ್ಮದ ಮೇಲೆ ಸಾಮಾನ್ಯವಾಗಿ ಬೇರೂರುವುದಿಲ್ಲ. ಬಲೆ ತಗಲಿ ಹುರುಪೆ ಉದುರಿದ ಜಾಗ, ಬೇರೆ ಮೀನು ಕಚ್ಚಿದ ಗಾಯ, ಪರಾವಲಂಬಿ ಕೊರೆದ ರಂಧ್ರ ಇವೇ ಅದರ ಬಾಗಿಲು. ಮೈಸೂರು, ಬೆಂಗಳೂರು ಅಥವಾ ಚೆನ್ನೈನ ಕೊಳತ್ತೂರಿನಿಂದ ಚೀಲದಲ್ಲಿ ತುಂಬಿ ಬಂದ ಮೀನು ಘಟ್ಟದ ರಸ್ತೆಯಲ್ಲಿ ಕುಲುಕಿ ಗಾಯಗೊಂಡಿರುತ್ತದೆ. ಅದನ್ನು ತಂದ ಕೂಡಲೇ 20 ಡಿಗ್ರಿಯ ನೀರಿಗೆ ಸುರಿದರೆ ಮೂರನೆಯ ದಿನ ಬೂಷ್ಟು ಕಾಣುತ್ತದೆ. ಚೀಲವನ್ನು ಅರ್ಧ ಗಂಟೆ ತೊಟ್ಟಿಯ ಮೇಲೆ ತೇಲಿಬಿಟ್ಟು, ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರು ಬೆರೆಸಿ, ಆಮೇಲೆ ಮೀನನ್ನು ಬಿಡಬೇಕು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡುವುದು ಎಲ್ಲಕ್ಕಿಂತ ಅಗ್ಗದ ಔಷಧಿ.

ಉಪಚಾರದಲ್ಲಿ ಕಲ್ಲುಪ್ಪಿಗೆ ಮೊದಲ ಸ್ಥಾನ. ಲೀಟರಿಗೆ 1ರಿಂದ 3 ಗ್ರಾಂ ಪ್ರಮಾಣದಲ್ಲಿ ವಾರದಿಂದ ಹತ್ತು ದಿನ ಇಡಬಹುದು. ಬೇಕಾದ ಉಪ್ಪನ್ನು ಒಂದೇ ಸಲ ಸುರಿಯದೆ ಮೂರು ಭಾಗ ಮಾಡಿ ಹನ್ನೆರಡು ಗಂಟೆಗೊಂದು ಭಾಗದಂತೆ ಕರಗಿಸಿ ಹಾಕಬೇಕು. ಬೂಷ್ಟು ಹೆಚ್ಚಾಗಿದ್ದರೆ ಲೀಟರಿಗೆ 10 ಗ್ರಾಂ ಉಪ್ಪಿನ ಬೇರೆ ನೀರಿನಲ್ಲಿ ಮೀನನ್ನು 10 ನಿಮಿಷ ಅದ್ದಿಡಬಹುದು. ಮೀನು ಪಕ್ಕಕ್ಕೆ ವಾಲಿದರೆ ಗಡಿಯಾರ ನೋಡುತ್ತ ಕೂರದೆ ತಕ್ಷಣ ಎತ್ತಬೇಕು. ಹುರುಪೆಯಿಲ್ಲದ ಬೆಕ್ಕುಮೀನು ಜಾತಿಗಳು ಮತ್ತು ನೀರಿನ ಗಿಡಗಳು ಉಪ್ಪನ್ನು ತಾಳಲಾರವು. ಬಿಸಿಸೀಮೆಯ ಮೀನಾದರೆ ಹೀಟರ್ ಹಾಕಿ ದಿನಕ್ಕೆ ಒಂದೆರಡು ಡಿಗ್ರಿಯಂತೆ 26-27 ಡಿಗ್ರಿಗೆ ಏರಿಸಿದರೆ ಗಾಯ ಬೇಗ ಮಾಯುತ್ತದೆ.

ಮೊಟ್ಟೆಗೆ ತಗಲುವ ಬೂಷ್ಟು ಮರಿ ಮಾಡಿಸುವವರ ದೊಡ್ಡ ಶತ್ರು. ಫಲಿಸದ ಮೊಟ್ಟೆ ಬಿಳಿಯಾಗಿ ಕೊಳೆತು, ಅದರ ಮೇಲೆ ಬೆಳೆದ ಎಳೆ ಪಕ್ಕದ ಒಳ್ಳೆಯ ಮೊಟ್ಟೆಗಳನ್ನೂ ಸುತ್ತಿಕೊಳ್ಳುತ್ತದೆ. ಬಿಳಿ ಮೊಟ್ಟೆಗಳನ್ನು ದಿನಕ್ಕೆರಡು ಸಲ ಪಿಪೆಟ್ಟಿನಿಂದ ಹೀರಿ ತೆಗೆಯಬೇಕು. ಗಾಳಿ ಮೆಲ್ಲಗೆ ಆಡುತ್ತಿರಬೇಕು. ಲೀಟರಿಗೆ 1ರಿಂದ 2 ಮಿ.ಗ್ರಾಂ ಮೆಥಿಲೀನ್ ಬ್ಲೂ ಮೊಟ್ಟೆಯ ತೊಟ್ಟಿಗೆ ಸಾಕು. ಇದನ್ನು ಫಿಲ್ಟರ್ ಇರುವ ದೊಡ್ಡ ತೊಟ್ಟಿಗೆ ಹಾಕಿದರೆ ಉಪಕಾರಿ ದುಂಡಾಣುಗಳೂ ಸಾಯುತ್ತವೆ. ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ ಬೂಷ್ಟಿಗೆ ಬಲವಾದ ಮದ್ದು ನಿಜ. ಆದರೆ ಅದು ಮನುಷ್ಯರಿಗೆ ಹಾನಿಕರವಾದ ವಸ್ತು, ತಿನ್ನುವ ಮೀನಿಗೆ ನಿಷಿದ್ಧ. ಉಪ್ಪಿನಿಂದ ಆಗುವ ಕೆಲಸಕ್ಕೆ ಮನೆಯೊಳಗೆ ಅದು ಬೇಡ.

ಬೂಷ್ಟಿನ ವೇಷದ ದುಂಡಾಣು ರೋಗ

ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲಿ. ಬಾಯಿಯ ಸುತ್ತ ಬಿಳಿ ಹತ್ತಿಯಂತೆ ಕಂಡ ಕೂಡಲೇ ಅದು ಬೂಷ್ಟೆಂದು ಸಾಕಣೆದಾರರು ತೀರ್ಮಾನಿಸುತ್ತಾರೆ. ಅನೇಕ ಸಲ ಅದು ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ದುಂಡಾಣುವಿನ ಕೆಲಸ. ಇದನ್ನು ಕಾಲಮ್ನಾರಿಸ್ ರೋಗ ಎನ್ನುತ್ತಾರೆ.

ಎರಡಕ್ಕೂ ವ್ಯತ್ಯಾಸವಿದೆ. ಬೂಷ್ಟಿನ ಎಳೆ ಉದ್ದ, ಒಂದೊಂದಾಗಿ ಕಾಣುತ್ತದೆ. ಕಾಲಮ್ನಾರಿಸ್‌ನಲ್ಲಿ ಎಳೆ ಗಿಡ್ಡ, ಬೂದು ಅಥವಾ ತಿಳಿಹಳದಿ ಲೇಪದಂತೆ ಇರುತ್ತದೆ. ತುಟಿ ಕೊಳೆಯುತ್ತದೆ, ಬೆನ್ನಿನ ರೆಕ್ಕೆಯ ಕೆಳಗೆ ಎರಡೂ ಪಕ್ಕಕ್ಕೆ ಇಳಿದ ಬಿಳಚಿದ ಪಟ್ಟೆ ಕುದುರೆಯ ಬೆನ್ನಿಗೆ ಹಾಕಿದ ಜೀನಿನಂತೆ ಕಾಣುತ್ತದೆ. ಕಿವಿರು ತೂತು ಬಿದ್ದು ಮೀನು ಮೇಲಕ್ಕೆ ಬಂದು ಏದುಸಿರು ಬಿಡುತ್ತದೆ. ಬೂಷ್ಟು ಒಂದೆರಡು ಮೀನಿಗೆ ತಗಲಿ ನಿಧಾನವಾಗಿ ಹಬ್ಬಿದರೆ ಇದು ಒಂದೆರಡು ದಿನಗಳಲ್ಲಿ ಅರ್ಧ ತೊಟ್ಟಿಯನ್ನು ಖಾಲಿ ಮಾಡಬಲ್ಲುದು.

ಈ ವ್ಯತ್ಯಾಸ ತಿಳಿಯುವುದು ಏಕೆ ಮುಖ್ಯವೆಂದರೆ, ಕಾಲಮ್ನಾರಿಸ್ ಬಿಸಿಯಲ್ಲಿ ಹೆಚ್ಚುತ್ತದೆ. ಬೂಷ್ಟೆಂದು ತಿಳಿದು ಹೀಟರ್ ಏರಿಸಿದವರು ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಅನುಮಾನವಿದ್ದಾಗ ಉಷ್ಣತೆಯನ್ನು ಇದ್ದಂತೆಯೇ ಬಿಟ್ಟು, ಗಾಳಿ ಹೆಚ್ಚಿಸಿ, ಉಪ್ಪು ಹಾಕುವುದು ಕ್ಷೇಮ; ಉಪ್ಪು ಎರಡು ರೋಗಕ್ಕೂ ಅಡ್ಡಿ. ಹೊರಗಿನ ಕಾಲಮ್ನಾರಿಸ್‌ಗೆ ರೋಗದ ಮೀನುಗಳನ್ನು ಬೇರೆ ತೊಟ್ಟಿಗೆ ಹಾಕಿ ಲೀಟರಿಗೆ 2 ಮಿ.ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಕೊಟ್ಟು, ನಾಲ್ಕು ಗಂಟೆಯ ನಂತರ ಮುಕ್ಕಾಲು ಪಾಲು ನೀರು ಬದಲಾಯಿಸಬೇಕು. ಬೆನ್ನುಬೆನ್ನಿಗೆ ಮತ್ತೆ ಹಾಕಿದರೆ ಕಿವಿರು ಸುಡುತ್ತದೆ. ರವೆ ಉದುರಿಸಿದಂತೆ ಮೈತುಂಬ ಬಿಳಿ ಚುಕ್ಕೆಗಳಿದ್ದರೆ ಅದು ಈ ಎರಡೂ ಅಲ್ಲ, ಪರಾವಲಂಬಿಯಿಂದ ಬರುವ ಬಿಳಿಚುಕ್ಕೆ ರೋಗ.

ರೆಕ್ಕೆ ಕೊಳೆ, ಹುಣ್ಣು, ಜಲೋದರ

ಏರೊಮೊನಾಸ್ ಹೈಡ್ರೊಫಿಲಾ ಮತ್ತು ಅದರ ಬಳಗದ ದುಂಡಾಣುಗಳು ಕೊಳಕು ನೀರಿನ ಜೀವಿಗಳು. ರೆಕ್ಕೆಯ ಅಂಚು ಬಿಳಚಿ, ಹರಿದು, ಬುಡದವರೆಗೆ ಸವೆಯುತ್ತದೆ. ಈ ಹಂತದಲ್ಲಿ ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಾಯಿಸಿ ಉಪ್ಪು ಕೊಟ್ಟರೆ ಸಾಮಾನ್ಯವಾಗಿ ರೆಕ್ಕೆ ಪುನಃ ಚಿಗುರುತ್ತದೆ. ರೋಗ ರಕ್ತಕ್ಕೆ ಇಳಿದರೆ ಮೈಮೇಲೆ ಕೆಂಪು ಹುಣ್ಣು, ಹೊಟ್ಟೆಯಲ್ಲಿ ನೀರು, ಹೊರಬಿದ್ದ ಕಣ್ಣು, ಮೇಲಿನಿಂದ ನೋಡಿದಾಗ ಎದ್ದುನಿಂತ ಹುರುಪೆ. ಹುರುಪೆ ಎದ್ದ ಮೀನು ಬದುಕುವುದು ಅಪರೂಪ. ಅದಕ್ಕೆ ಹಣ ಸುರಿಯುವುದಕ್ಕಿಂತ ಬೇರ್ಪಡಿಸಿ ಉಳಿದವನ್ನು ಕಾಪಾಡುವುದು ಜಾಣತನ.

ಮೀನು ತಿಂಗಳುಗಟ್ಟಲೆ ಸೊರಗಿ, ಬೆನ್ನು ಬಾಗಿ, ಯಾವ ಔಷಧಿಗೂ ಜಗ್ಗದಿದ್ದರೆ ಮೀನಿನ ಕ್ಷಯವನ್ನು ಶಂಕಿಸಬೇಕು. ಇದನ್ನು ತರುವ ಮೈಕೊಬ್ಯಾಕ್ಟೀರಿಯಂ ಮೆರೈನಂ ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲಿ ಮಾಯದ ಗಂಟು ಉಂಟುಮಾಡುತ್ತದೆ. ತೋಟದ ಕೆಲಸದಲ್ಲಿ ಕೈ ಗೀಚಿಕೊಂಡವರು ಕೈಗವಸಿಲ್ಲದೆ ತೊಟ್ಟಿಗೆ ಕೈಹಾಕಬಾರದು. ಅಂಥ ಗಂಟೆದ್ದರೆ ವೈದ್ಯರಿಗೆ ಮೀನು ಸಾಕುವ ವಿಷಯವನ್ನು ತಪ್ಪದೆ ತಿಳಿಸಬೇಕು.

ಮೈಲುತುತ್ತ ಬೇಡ

ಕಾಫಿಯ ಎಲೆತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೊಡಗಿನಲ್ಲಿ ಮೈಲುತುತ್ತ ಇಲ್ಲದ ಉಗ್ರಾಣವಿಲ್ಲ. ಗಿಡದ ಬೂಷ್ಟಿಗೆ ಆಗುವ ಮದ್ದು ಮೀನಿನ ಬೂಷ್ಟಿಗೂ ಆಗದೇ ಎಂಬ ಯೋಚನೆ ಸಹಜ. ಮೀನಿನ ಕೆಲವು ಪರಾವಲಂಬಿಗಳಿಗೆ ಮೈಲುತುತ್ತವನ್ನು ಬಳಸುವ ಕ್ರಮ ಇರುವುದೂ ನಿಜ. ಆದರೆ ಅದರ ವಿಷ ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. ಕ್ಷಾರತೆಯನ್ನು ನೂರರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿ.ಗ್ರಾಂ ಎಂಬುದು ದೊರೆಯುತ್ತದೆ. ಕ್ಷಾರತೆ 50 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಮೈಲುತುತ್ತವನ್ನು ಮುಟ್ಟಲೇಬಾರದೆಂದು ನಿಯಮ. ಬಯಲುಸೀಮೆಯ ಗಡಸು ನೀರಿನಲ್ಲಿ ನಡೆದೀತು. ಮಲೆನಾಡಿನ ಮೆದು ನೀರಿನಲ್ಲಿ ತಾಮ್ರ ನೇರವಾಗಿ ಕಿವಿರನ್ನು ಹಿಡಿಯುತ್ತದೆ. 40 ಲೀಟರಿನ ತೊಟ್ಟಿಗೆ ಒಂದು ಗ್ರಾಂ, ಅಂದರೆ ಒಂದು ಚಿಟಿಕೆಯಷ್ಟು ಹಾಕಿದರೂ ಲೀಟರಿಗೆ 25 ಮಿ.ಗ್ರಾಂ ಆಗುತ್ತದೆ. ಅದರಲ್ಲಿ ಯಾವ ಮೀನೂ ಉಳಿಯದು.

ಸಿಂಪಡಣೆಯ ಡ್ರಮ್ಮು, ಬಕೆಟು, ಪೈಪುಗಳನ್ನು ಮೀನಿನ ನೀರಿಗೆ ಬಳಸಕೂಡದು. ಅಂಗಳದ ಕೊಳಕ್ಕೆ ಸಿಂಪಡಣೆಯ ದಿನ ಟಾರ್ಪಾಲು ಹೊದಿಸಬೇಕು.

ನೀರಿನ ಅಳತೆ, ಔಷಧಿಯ ಅಳತೆ

ತೊಟ್ಟಿಯ ಉದ್ದ, ಅಗಲ ಮತ್ತು ನೀರಿನ ಆಳವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಎರಡಡಿಯ ಸಾಮಾನ್ಯ ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ನೀರು 25 ಸೆಂ.ಮೀ. ಇದ್ದರೆ 45 ಲೀಟರ್. ಜಲ್ಲಿ, ಕಲ್ಲುಗಳಿಗೆ 5 ಲೀಟರ್ ಕಳೆದು 40 ಎಂದು ಹಿಡಿಯಬೇಕು. ಲೀಟರಿಗೆ 3 ಗ್ರಾಂ ಎಂದರೆ 120 ಗ್ರಾಂ ಉಪ್ಪು.

ಮಿಲಿಗ್ರಾಂ ಲೆಕ್ಕದ ಔಷಧಿಯನ್ನು ಮನೆಯ ತಕ್ಕಡಿ ತೂಗಲಾರದು. 1 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಔಷಧಿ ಅಂಗಡಿಯಲ್ಲಿಯೋ ಚಿನಿವಾರರ ತಕ್ಕಡಿಯಲ್ಲಿಯೋ ತೂಗಿಸಿ 1 ಲೀಟರ್ ನೀರಿನಲ್ಲಿ ಕರಗಿಸಿದರೆ ಪ್ರತಿ ಮಿಲಿಲೀಟರಿನಲ್ಲಿ 1 ಮಿ.ಗ್ರಾಂ ಇರುತ್ತದೆ. 40 ಲೀಟರಿಗೆ 2 ಮಿ.ಗ್ರಾಂ ಪ್ರಕಾರ 80 ಮಿಲಿಲೀಟರ್ ಸಾಕು. ದ್ರಾವಣವನ್ನು ಬೇಕಾದಾಗಲೇ ತಯಾರಿಸಬೇಕು. ಉಪಚಾರದ ತೊಟ್ಟಿ ಗಾಜಿನದೇ ಆಗಬೇಕಿಲ್ಲ, ಶುಚಿಯಾದ ಪ್ಲಾಸ್ಟಿಕ್ ಟಬ್ಬು ನಡೆಯುತ್ತದೆ.

ಕ್ಷಾರತೆ ಏರಿಸಲು ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಫಿಲ್ಟರಿನಲ್ಲಿಡಬಹುದು. ಅವಸರವಿದ್ದರೆ ಅಡುಗೆ ಸೋಡ: 50 ಲೀಟರಿಗೆ 5 ಗ್ರಾಂ ಹಾಕಿದರೆ ಕ್ಷಾರತೆ ಸುಮಾರು 60 ಮಿ.ಗ್ರಾಂ ಏರುತ್ತದೆ. ಅದನ್ನು ನಾಲ್ಕು ದಿನಕ್ಕೆ ಹಂಚಿ ಹಾಕಬೇಕು. ಒಂದು ಎಚ್ಚರಿಕೆ ಇದೆ. ಹುಳಿ ನೀರಿನಲ್ಲಿ ಅಮೋನಿಯಾದ ವಿಷ ಅಡಗಿರುತ್ತದೆ, ರಸಸಾರ ಏರಿದ ಕೂಡಲೇ ತಲೆಯೆತ್ತುತ್ತದೆ. ಆದುದರಿಂದ ಮೊದಲು ನೀರು ಬದಲಾಯಿಸಿ, ಸೋಡ ಆಮೇಲೆ. ಫೈಟರ್ ಮೀನಿಗೆ ಕಾಡುಬಾದಾಮಿಯ ಒಣ ಎಲೆ ಹಾಕುವ ವಾಡಿಕೆಯೂ ಇದೆ. ಎಲೆಯ ಒಗರು ಬೂಷ್ಟನ್ನು ಸ್ವಲ್ಪ ತಡೆಯುತ್ತದೆ, ಆದರೆ ನೀರನ್ನು ಮತ್ತಷ್ಟು ಹುಳಿ ಮಾಡುತ್ತದೆ.

ಆ್ಯಂಟಿಬಯೋಟಿಕ್‌ಗಳ ವಿಷಯ

ಮನೆಯಲ್ಲಿ ಉಳಿದ ಕ್ಯಾಪ್ಸೂಲನ್ನು ಒಡೆದು ತೊಟ್ಟಿಗೆ ಸುರಿಯುವುದು ಬಹಳ ಕಡೆ ಕಂಡುಬರುವ ದುರಭ್ಯಾಸ. ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಫಿಲ್ಟರಿನ ದುಂಡಾಣುಗಳು ಸಾಯುತ್ತವೆ, ಉಳಿದ ರೋಗಾಣುಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ. ರಕ್ತಕ್ಕಿಳಿದ ದುಂಡಾಣು ರೋಗಕ್ಕೆ ಮಾತ್ರ, ಅದೂ ಮೀನು ಇನ್ನೂ ಮೇವು ತಿನ್ನುತ್ತಿರುವಾಗ, ಮೇವಿನಲ್ಲಿ ಬೆರೆಸಿ ಕೊಡುವುದು ಕ್ರಮ. ಪ್ರಮಾಣವನ್ನು ಪಶುವೈದ್ಯರು ಅಥವಾ ಮೀನುಗಾರಿಕಾ ತಜ್ಞರು ಹೇಳಬೇಕು. ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೊಫ್ಯೂರಾನ್ ಗುಂಪಿನ ಔಷಧಿಗಳು ತಿನ್ನುವ ಮೀನಿನ ಸಾಕಣೆಯಲ್ಲಿ ನಿಷಿದ್ಧ. ಅಲಂಕಾರದ ಮೀನಿನ ಹೆಸರಿನಲ್ಲಿ ಕೊಂಡದ್ದು ತೋಟದ ಕೆರೆಗೆ ಹೋಗಬಾರದು.

ತೋಟದ ಕೆರೆಯಲ್ಲಿ

ಕಾಫಿಗೆ ಹೂಮಳೆಯ ಕಾಲದಲ್ಲಿ ನೀರು ಕೊಡಲು ತೋಡಿದ ಕೆರೆಗಳಲ್ಲಿ ಗೆಂಡೆ, ಕಾಟ್ಲಾ, ರೋಹು ಬಿಟ್ಟವರು ಮತ್ತೊಂದು ರೋಗವನ್ನು ಅರಿತಿರಬೇಕು. ಅಫನೊಮೈಸಿಸ್ ಇನ್ವೇಡನ್ಸ್ ಎಂಬ, ಸಪ್ರೊಲೆಗ್ನಿಯಾದ ಹತ್ತಿರದ ಬಂಧು, ಮಾಂಸದೊಳಗೇ ಬೆಳೆದು ಆಳವಾದ ಕೆಂಪು ಹುಣ್ಣು ಮಾಡುತ್ತದೆ. ಜಪಾನಿನಲ್ಲಿ 1971ರಲ್ಲಿ ಮೊದಲು ಕಂಡ ಈ ಹುಣ್ಣುರೋಗ 1988ರಲ್ಲಿ ಈಶಾನ್ಯ ಭಾರತವನ್ನು ಪ್ರವೇಶಿಸಿ 1990ರ ದಶಕದ ಆರಂಭದಲ್ಲಿ ಕರ್ನಾಟಕದ ನೀರುಗಳಿಗೂ ಬಂದಿತು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು ಆಗ ಇದರ ಅಧ್ಯಯನ ನಡೆಸಿದರು. ಮುರೆಲ್ ಮತ್ತು ಪಂಟಿಯಸ್ ಜಾತಿಯ ಸಣ್ಣ ಮೀನುಗಳಿಗೆ ಇದು ಬೇಗ ತಗಲುತ್ತದೆ. ಸಾಮಾನ್ಯ ಗೆಂಡೆ ಮೀನು ಹೆಚ್ಚು ತಡೆದುಕೊಳ್ಳುತ್ತದೆ. ತಂಪು, ಜೋರು ಮಳೆ, ಕಡಿಮೆ ಕ್ಷಾರತೆ ಇದಕ್ಕೆ ಅನುಕೂಲ, ಕೊಡಗಿನಲ್ಲಿ ಮೂರೂ ಇವೆ.

ಮಳೆಗಾಲ ಮುಗಿಯುವ ಮೊದಲೇ ಗುಂಟೆಗೆ 2ರಿಂದ 2.5 ಕಿಲೋ ಕೃಷಿ ಸುಣ್ಣವನ್ನು ಕೆರೆಗೆ ಎರಚುವುದು ಒಳ್ಳೆಯ ಮುಂಜಾಗ್ರತೆ. ರೋಗ ಕಂಡಾಗ ಬಳಸಲು ಭುವನೇಶ್ವರದ ಬಳಿ ಕೌಸಲ್ಯಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಸಿಫಾಕ್ಸ್ ಎಂಬ ಔಷಧಿಯನ್ನು ರೂಪಿಸಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 1 ಲೀಟರ್ ಪ್ರಮಾಣ. ತೊರೆಯಲ್ಲಿ ಹಿಡಿದ ಚೆಂದದ ಸಣ್ಣ ಮೀನುಗಳನ್ನು ಮಕ್ಕಳು ತಂದು ಗಾಜಿನ ತೊಟ್ಟಿಗೆ ಬಿಟ್ಟಾಗ ಈ ರೋಗ ಮನೆಯೊಳಗೂ ಬರಬಹುದು. ಹಿಮ್ಮುಖವಾದ ಹಾದಿಯೂ ಇದೆ. ರೋಗ ಹಿಡಿದ ತೊಟ್ಟಿಯ ನೀರನ್ನು, ಸತ್ತ ಮೀನನ್ನು, ಬೇಡವಾದ ಮೀನನ್ನು ತೋಡಿಗೆ ಬಿಟ್ಟರೆ ಅದು ಸೇರುವುದು ಕಾವೇರಿಯನ್ನು. ಅಲ್ಲಿನ ಡುಬ್ಬದ ಮಹಶೀರ್ ಮೀನು 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಸತ್ತ ಮೀನನ್ನು ಸುಣ್ಣ ಹಾಕಿ ಹೂಳಬೇಕು. ತೊಟ್ಟಿಯ ನೀರನ್ನು ತೋಡಿನಿಂದ ದೂರ, ಉಪ್ಪು ಬೆರೆತಿದ್ದರೆ ಕಾಫಿ, ಮೆಣಸಿನ ಬುಡ ಬಿಟ್ಟು, ಬರಿಯ ನೆಲಕ್ಕೆ ಇಂಗಿಸಬೇಕು.

ತಜ್ಞರಿಗೆ ತೋರಿಸುವಾಗ

ಸತ್ತು ಅರ್ಧ ದಿನವಾದ ಮೀನು ಪರೀಕ್ಷೆಗೆ ಉಪಯೋಗವಿಲ್ಲ. ಸತ್ತ ಮೇಲೆ ಬೆಳೆದ ಬೂಷ್ಟು ನಿಜವಾದ ಕಾರಣವನ್ನು ಮುಚ್ಚಿಬಿಡುತ್ತದೆ. ರೋಗದ ಲಕ್ಷಣವಿರುವ, ಇನ್ನೂ ಉಸಿರಾಡುತ್ತಿರುವ ಎರಡು ಮೂರು ಮೀನುಗಳನ್ನು ಮೂರನೆಯ ಒಂದು ಭಾಗ ನೀರು, ಉಳಿದದ್ದು ಗಾಳಿ ತುಂಬಿದ ಚೀಲದಲ್ಲಿ ಒಯ್ಯಬೇಕು. ಜೊತೆಗೆ ಇನ್ನೊಂದು ಶುಚಿಯಾದ ಸೀಸೆಯಲ್ಲಿ ತೊಟ್ಟಿಯ ನೀರು ಒಂದು ಲೀಟರ್ ಇರಲಿ. ಮೀನು ತಂದ ದಿನ, ನೀರು ಬದಲಾಯಿಸಿದ ದಿನ, ಕರೆಂಟು ಹೋದ ದಿನ, ಈಗಾಗಲೇ ಹಾಕಿದ ಔಷಧಿಗಳ ಹೆಸರು ಮತ್ತು ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಮಡಿಕೇರಿಯ ಮೀನುಗಾರಿಕೆ ಇಲಾಖೆಯ ಕಛೇರಿ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮೊದಲು ವಿಚಾರಿಸಬಹುದು. ಅಲ್ಲಿ ತೀರ್ಮಾನವಾಗದಿದ್ದರೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವಿದೆ. ಚೀಲವನ್ನು ನಸುಕಿನ ತಂಪಿನಲ್ಲೇ ಕಟ್ಟಿ, ಗೋಣಿಯಲ್ಲಿ ಸುತ್ತಿ, ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಮೀನು ಜೀವಂತವಾಗಿ ತಲುಪುತ್ತದೆ.